ಬಳೆ ಬಿಗಿಯಾಗುವ ದಿನಗಳು

ನಮ್ಮ ವೈನಿಯ ಬಳೆಗಳು ತಿಂಗಳಲ್ಲಿ ಇಪ್ಪತ್ತು ದಿನ ಗಲಗಲ ಅನ್ನುತ್ತಿದ್ದವು, ಹತ್ತು ದಿನ ಸುಮ್ಮನಿರುತ್ತಿದ್ದವು. ಕೈಗೆ ಒಂದೊಂದು ಡಜನ್ ಹಸಿರು ಗಾಜಿನ ಬಳೆ. ಆ ಹತ್ತು ದಿನ ಮುಂಗೈ ಊದಿಕೊಂಡು ಬಳೆಗಳು ಮಾಂಸಕ್ಕೆ ಕಚ್ಚಿ ಕೂಡುತ್ತಿದ್ದವು. ಮೇಲಕ್ಕೆ ಸರಿಸಿದರೆ ಅಡಿಯಲ್ಲಿ ಕೆಂಪು ಗೆರೆಗಳು. ಹಿಟ್ಟು ನಾದುವಾಗ ಸಪ್ಪಳವಿಲ್ಲದ ಆ ಕೈಗಳನ್ನು ನಾನು ವರ್ಷಗಟ್ಟಲೆ ನೋಡಿದೆ. ನೋಡಿ ತಿಳಿದುಕೊಂಡದ್ದೇನು? ಮಣ್ಣು!

ವೈನಿ ಅಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಗೆ ಆಕೆ ಕಮಲಾಪುರದಿಂದ ಬಂದಾಗ ನನಗೆ ಇಪ್ಪತ್ತಾರು, ಆಕೆಗೆ ಇಪ್ಪತ್ತನಾಲ್ಕು. ನಾನು ಲಗ್ನವಾಗದೆ ತವರಿನಲ್ಲೇ ಉಳಿದ ನಾದಿನಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಬಾಯಿ ಸ್ವಲ್ಪ ಬಿರುಸು. ಬಂದ ಎಂಟು ದಿನಕ್ಕೇ ಆಕೆ ನನ್ನನ್ನು, ಶಾಲೆಯ ಮಕ್ಕಳು ಟೀಚರನ್ನು ಕರೆಯುವಂತೆ, ‘ಬಾಯೋರ’ ಎಂದು ಕರೆಯಲು ಶುರುಮಾಡಿದಳು. “ಏನ್ರೀ ಬಾಯೋರ, ಇವತ್ತು ಎಷ್ಟು ಹುಡುಗರನ್ನ ಬೈದು ಬಂದ್ರಿ?” ಎಂದು ಚಹಾದ ಕಪ್ಪು ಕೈಗಿಡುತ್ತಿದ್ದಳು. ಬೈದ ಲೆಕ್ಕ ಹೇಳದ ಹೊರತು ಚಹಾದ ಜೊತೆ ಚೂಡಾ ಬರುತ್ತಿರಲಿಲ್ಲ.

ತವರಿಗೆ ಹೋಗಿಬಂದಾಗಲೆಲ್ಲ ಕಮಲಾಪುರದ ಕೆಂಪು ಬಾಳೆಹಣ್ಣು ತರುತ್ತಿದ್ದಳು. ಓಣಿಯ ಮನೆಮನೆಗೆ ಎರಡೆರಡು ಕೊಟ್ಟು ಬರದಿದ್ದರೆ ಆಕೆಗೆ ಸಮಾಧಾನವಿಲ್ಲ. “ಸಿಪ್ಪಿ ದಪ್ಪ, ಒಳಗ ಮೆತ್ತಗ. ಥೇಟ್ ನನ್ಹಂಗ ನೋಡ್ರಿ,” ಎಂದು ತಾನೇ ನಗುತ್ತಿದ್ದಳು. ದಿನಸಿ ಕಟ್ಟಿಕೊಂಡು ಬಂದ ಹಳೆಯ ಪೇಪರಿನ ಚೂರುಗಳನ್ನು ಬಿಡಿಸಿ ಓದುವ ಚಟವಿತ್ತು. ಅರ್ಧ ಹರಿದ ಸುದ್ದಿಯ ಉಳಿದರ್ಧವನ್ನು ತಾನೇ ಕಟ್ಟಿ ನಮಗೆಲ್ಲ ಹೇಳುತ್ತಿದ್ದಳು. ಅಣ್ಣನಂಥ ಅಣ್ಣನೂ, ಬ್ಯಾಂಕಿನಿಂದ ಬಂದವನು ಮುಖ ಗಂಟುಹಾಕಿಕೊಂಡೇ ಇರುವವನು, ಆ ಸುಳ್ಳು ಸುದ್ದಿಗಳಿಗೆ ಊಟ ಬಿಟ್ಟು ನಗುತ್ತಿದ್ದ.

ಇದು ಇಪ್ಪತ್ತು ದಿನದ ಮಾತಾಯಿತು.

ಉಳಿದ ಹತ್ತು ದಿನ ಬೇರೆಯೇ ಹೆಂಗಸು. ಚಹಾ ಸೋಸುವ ಜಾಲರಿ ಕೈಜಾರಿದರೆ ಅರ್ಧ ತಾಸು ಅಳು. ‘ಸಾರಿಗೆ ಉಪ್ಪು ಕಡಿಮಿ’ ಎಂದು ಅಣ್ಣ ಅಂದರೆ ಸಾರಿನ ಪಾತ್ರೆ ಸೀದಾ ಬಚ್ಚಲಿಗೆ. ತಲೆಸಿಡಿತ, ಎದೆ ಬಾವು, ನಿದ್ದೆಯಿಲ್ಲದ ಕಣ್ಣು. ಮಗಳು ‘ಅಮ್ಮಾ’ ಎಂದು ಸೆರಗು ಹಿಡಿದರೂ ಬೆಂಕಿ ತಾಕಿದವಳಂತೆ ಕೊಸರಿಕೊಳ್ಳುತ್ತಿದ್ದಳು. ಆಮೇಲೆ ಹಿತ್ತಲಿಗೆ ಹೋಗಿ ನಿಂತು ತನ್ನಷ್ಟಕ್ಕೇ ಅನ್ನುತ್ತಿದ್ದಳು, “ನನಗ ನಾನ ಸೇರವಲ್ಲೆ.”

ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹೊರಗೆ ಕೂಡುವ ಪದ್ಧತಿ. ಹಿತ್ತಲಿಗೆ ಹತ್ತಿದ ಸಣ್ಣ ಕೋಣೆ, ಒಂದು ಚಾಪೆ, ಬೇರೆ ತಾಟು, ಬೇರೆ ತಂಬಿಗೆ. ಮಕ್ಕಳಿಗೆ ಅಂಡಾಶಯದ ಚಿತ್ರ ಬರೆದು ಪಾಠ ಹೇಳುವ ನಾನೂ ಸಂಜೆ ಶಾಲೆಯಿಂದ ಬಂದು ಅದೇ ಚಾಪೆಯ ಮೇಲೆ ಕೂಡುವವಳೇ, ಅದನ್ನೇನು ಮುಚ್ಚಿಡಲಿ. ವೈನಿ ಆ ಕೋಣೆ ಸೇರಿದ ಮರುದಿನವೇ ಆಕೆಯ ಹಾಡು ಕೇಳುತ್ತಿತ್ತು. ಬಳೆ ಗಲಗಲ ಅನ್ನುತ್ತಿದ್ದವು. ಪೇಪರಿನ ಚೂರು ಹಿಡಿದು ಅಲ್ಲಿಂದಲೇ ಕೂಗಿ ಸುದ್ದಿ ಹೇಳುತ್ತಿದ್ದಳು.

ಆಗ ನಮ್ಮವ್ವ ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತ ಅನ್ನುತ್ತಿದ್ದಳು, “ನೋಡವಾ, ಅಡಿಗಿ ಕೆಲಸ ತಪ್ಪಿತಂದ್ರ ಹೆಂಗ ಮುಖಕ್ಕ ಕಳಿ ಬಂತು! ನಿನ್ನಿ ತನಕಾ ಜೀವ ಹೋದಂಗ ಮಾಡತಿದ್ಲು. ಎಲ್ಲಾ ನಾಟಕ.”

ನಾನೂ ಹೂಂ ಅಂದೆ. ಒಂದು ಸಲವಲ್ಲ, ಏಳು ವರ್ಷ. ಕಣ್ಣೆದುರು ಕಾಣುತ್ತಿತ್ತಲ್ಲ! ಕೆಲಸವಿದ್ದಾಗ ರಂಪ, ಕೆಲಸ ತಪ್ಪಿದೊಡನೆ ಹಾಡು. ಹೊರಗೆ ಕೂಡುವ ಪದ್ಧತಿ ಇಲ್ಲದ ಮನೆಯಾಗಿದ್ದರೆ ಯಾರಾದರೂ ಬೇರೆ ಕಾರಣ ಹುಡುಕುತ್ತಿದ್ದರೋ ಏನೋ. ನಮ್ಮಲ್ಲಿ ಆಕೆಯ ನೆಮ್ಮದಿಯೇ ಆಕೆಯ ಮೇಲಿನ ಸಾಕ್ಷಿಯಾಯಿತು.

ಇದರ ಮೇಲೆ ಗುಳಿಗೆಗಳ ಉಪದ್ವ್ಯಾಪ ಬೇರೆ. ಹಬ್ಬಕ್ಕೆ, ವ್ರತಕ್ಕೆ ಮುಟ್ಟು ಅಡ್ಡ ಬರಬಾರದೆಂದು ಮುಂದೂಡುವ ಗುಳಿಗೆ ನುಂಗಿಸುವುದು ನಮ್ಮ ಮನೆಯಲ್ಲಿ ಅರಿಶಿನ ಕುಂಕುಮದಷ್ಟೇ ಸಹಜ. ತರುವವಳು ನಾನು. ಬ್ರಹ್ಮಪುರದ ಅಂಗಡಿಯಲ್ಲಿ ಕೊಂಡರೆ ಓಣಿಗೆಲ್ಲ ಗೊತ್ತಾಗುತ್ತದೆಂದು ಮೋಮಿನಪುರದ ಮೆಡಿಕಲ್ ಶಾಪಿಗೆ ಹೋಗುತ್ತಿದ್ದೆ. ಏಳನೆಯ ವರ್ಷದ ನವರಾತ್ರಿಗೆ ಹದಿನಾಲ್ಕು ದಿನದ್ದು ಕೇಳಿದಾಗ ಅಂಗಡಿಯ ಮುದುಕರು ಕನ್ನಡಕ ಮೇಲೇರಿಸಿ ನೋಡಿದರು. “ಇಷ್ಟು ದಿನ ನಕ್ಕೋ ಬೇಟೀ. ನಮ್ಮ ಮನಿ ಹೆಣಮಕ್ಕಳೂ ರಮಜಾನ್‌ಕ್ಕ ಕೇಳ್ತಾರ. ನಾ ಒಂದ ಮಾತು ಹೇಳ್ತೀನಿ, ಪಹಿಲೇ ಡಾಕ್ಟರ್‌ಗ ಕೇಳ್ರಿ.” ಗಡಿಬಿಡಿಯಲ್ಲಿದ್ದೆ. ಕೇಳುತ್ತೇನೆಂದು ಸುಳ್ಳು ಹೇಳಿ ತಂದೆ.

ನವರಾತ್ರಿಗೆ ನಮ್ಮಲ್ಲಿ ಒಂಬತ್ತು ದಿನ ಆರದ ದೀಪ, ಮಡಿಯ ಅಡಿಗೆ, ದಿನಕ್ಕೊಬ್ಬ ಮುತ್ತೈದೆ ಊಟಕ್ಕೆ. ವೈನಿಯ ಬಳೆಗಳು ಘಟ ಇಡುವ ಮುಂಚೆಯೇ ಬಿಗಿಯಾಗಿದ್ದವು. ಗುಳಿಗೆ ಶುರುವಾದ ಮೇಲೆ ಬಿಡುಗಡೆಯ ದಿನ ಬರಲೇ ಇಲ್ಲ. ಹತ್ತು ದಿನಕ್ಕೆ ಮುಗಿಯಬೇಕಾದದ್ದು ಇಪ್ಪತ್ತು ದಿನಕ್ಕೆ ಎಳೆಯಿತು. ಎಂಟನೆಯ ದಿನ, ಅಷ್ಟಮಿಯ ಊಟಕ್ಕೆ ಕೂತ ಮಂದಿಗೆ ಹೋಳಿಗೆ ಬಡಿಸುತ್ತಿದ್ದಾಗ, ಆರು ವರ್ಷದ ಮಗಳು ಆಡುತ್ತ ಬಂದು ದೀಪದ ಎಣ್ಣೆಯ ಬಟ್ಟಲು ಉರುಳಿಸಿದಳು. ವೈನಿ ಹೊಡೆದ ಪೆಟ್ಟಿಗೆ ಕೂಸು ಹೊಸ್ತಿಲ ಮೇಲೆ ಬಿದ್ದು ತುಟಿ ಒಡೆಯಿತು. ರಕ್ತ ನೋಡಿದ ವೈನಿ ಅಲ್ಲೇ ಕುಸಿದು ಕೂತು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದಳು. “ಇದು ನಾ ಅಲ್ಲ, ಇದು ನಾ ಅಲ್ಲ,” ಅನ್ನುತ್ತಿದ್ದಳು. ಬಂದವರು ಎಲೆ ಬಿಟ್ಟು ಎದ್ದರು.

ಮರುದಿನವೇ ಅಣ್ಣ ಆಕೆಯನ್ನು ಕಮಲಾಪುರಕ್ಕೆ ಕರೆದೊಯ್ದು ಬಿಟ್ಟು ಬಂದ. ಮಗಳನ್ನು ಕಳಿಸಲಿಲ್ಲ. “ಇನ್ನ ಅಲ್ಲೇ ಇರಲಿ. ಕೂಸಿನ ಮೈಮ್ಯಾಲೆ ಕೈ ಮಾಡಾಕಿ ನಮಗ ಬ್ಯಾಡ,” ಎಂದಳು ಅವ್ವ. ಅಣ್ಣ ಹೆಗಲ ಮೇಲಿನ ಟಾವೆಲ್ಲು ಮಡಚುತ್ತ ನಿಂತಿದ್ದ.

ವಾರದ ಮೇಲೆ ವೈನಿಯ ಸೀರೆಗಳನ್ನು ಚೀಲಕ್ಕೆ ತುಂಬಿ ನನ್ನನ್ನು ಕಳಿಸಿದರು. ಕಮಲಾಪುರ ನಮ್ಮಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಹೋಗಿ ನೋಡಿದರೆ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತ ನಗುತ್ತಿದ್ದಾಳೆ. “ಬರ್ರಿ ಬಾಯೋರ,” ಅಂದಳು. ಮಗಳ ತುಟಿ ಮಾಯ್ದಿದೆಯೇ ಎಂದು ಮೂರು ಸಲ ಕೇಳಿದಳು. ಮನೆಗೆ ಬಂದು ಅವ್ವನಿಗೆ ಹೇಳಿದೆ, ಅಲ್ಲಿ ಆರಾಮ ಇದ್ದಾಳೆ ಅಂತ. ಅವ್ವ ಕೈ ತಿರುವಿದಳು. “ನಾ ಹೇಳಲಿಲ್ಲಾ? ತವರಮನಿ ಸಿಕ್ತು, ಬ್ಯಾನಿ ಹೋತು.” ಅತ್ತ ಕಮಲಾಪುರದಲ್ಲಿ ವೈನಿಯ ತಾಯಿ ಅಂದಿದ್ದೂ ಅದೇ ಧಾಟಿಯಲ್ಲಿ. “ನಿಮ್ಮ ಮನ್ಯಾಗ ಏನ ಕಾಡಸ್ತೀರೋ ನನ್ನ ಮಗಳಿಗೆ. ಇಲ್ಲಿ ನೋಡ್ರಿ, ಹೂವಿನ್ಹಂಗ ಇದ್ದಾಳ.”

ಮೂರನೆಯ ಸಲ ಹೋದದ್ದು ಶನಿವಾರ, ಶಾಲೆ ಅರ್ಧ ದಿನ. ವೈನಿ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಾಯಿ ಅಂಗಳದಲ್ಲಿ ನನ್ನ ಕೈ ಹಿಡಿದುಕೊಂಡು ದನಿ ತಗ್ಗಿಸಿದರು. “ಇಲ್ಲಿ ಯಾರೂ ಏನೂ ಅನ್ನಂಗಿಲ್ಲಲ್ಲವಾ. ಕೆಲಸ ಹಚ್ಚಿಲ್ಲ. ಮತ್ತ್ಯಾಕ ಹಿಂಗ? ನಿನ್ನಿ ನನ್ನ ಮ್ಯಾಲೆ ತಂಬಗಿ ಒಗದ್ಲು. ಆಮ್ಯಾಲ ನನ್ನ ಕಾಲು ಹಿಡದು ಅತ್ಲು.” ಒಳಗೆ ಹೋಗಿ ಕೂತೆ. ವೈನಿಯ ಬಳೆಗಳ ಕೆಳಗೆ ಬೆರಳು ತೂರಿಸಲು ನೋಡಿದೆ. ತೂರಲಿಲ್ಲ. ಇಲ್ಲಿ ಅತ್ತೆ ಇರಲಿಲ್ಲ, ಅಡಿಗೆಯ ಕೆಲಸವಿರಲಿಲ್ಲ, ನಾನೂ ಇರಲಿಲ್ಲ. ಆದರೂ ಆ ದಿನಗಳು ಹೇಳಿಟ್ಟಂತೆ ಬಂದಿದ್ದವು. ಬೋರ್ಡಿನ ಮೇಲೆ ಇಪ್ಪತ್ತೆಂಟು ದಿನದ ಚಕ್ರ ಬರೆಯುವ ಈ ದಡ್ಡಿಗೆ ಆಗ ತಿಳಿಯಿತು. ಇದು ಮುಟ್ಟಿನ ಲೆಕ್ಕಕ್ಕೆ ಬರುವ ಬೇನೆ.

ಕಲಬುರಗಿಯಲ್ಲಿ ಒಬ್ಬ ಲೇಡಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಅವಸರ ಮಾಡಲಿಲ್ಲ. ಥೈರಾಯಿಡ್, ರಕ್ತ ಎಲ್ಲ ನೋಡಿಸಿದರು. ಬೇರೆ ರೋಗ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲಿಕ್ಕೆ ಅಷ್ಟೇ, ಇದನ್ನು ತೋರಿಸುವ ರಕ್ತಪರೀಕ್ಷೆ ಅಂತ ಯಾವುದೂ ಇಲ್ಲ ಎಂದರು. ನನ್ನ ಬಾಯಿ ಮುಚ್ಚಿಸಿ ವೈನಿಯನ್ನೇ ಕೇಳಿದರು. “ಆ ದಿನದಾಗ ಸಾಯಬೇಕು ಅನಸ್ತದೇನ್ರಿ?”

ವೈನಿ ಸೆರಗಿನ ಅಂಚು ನೋಡುತ್ತ ಅಂದಳು, “ಪ್ರತಿ ತಿಂಗಳು ಅನಸ್ತದ್ರಿ. ನಾಕೈದು ದಿನ. ಆಮ್ಯಾಲ ಅದನ್ನ ನೆನಸಿಕೊಂಡ್ರ ನನಗ ನಗು ಬರ್ತದ. ಯಾರಿಗೆ ಹೇಳಲಿ?”

ಒಂದೇ ಸೂರಿನ ಕೆಳಗೆ ಏಳು ವರ್ಷ ಇದ್ದವಳು ನಾನು. ನನಗೆ ಹೇಳಬಹುದಿತ್ತು. ಆದರೆ ‘ನಾಟಕ’ ಎಂದವಳಿಗೆ ಯಾರು ಹೇಳುತ್ತಾರೆ?

ಡಾಕ್ಟರು ಎರಡು ತಿಂಗಳು ದಿನಾ ಬರೆಯಲು ಹೇಳಿದರು. ಸಿಟ್ಟು, ಅಳು, ನಿದ್ದೆ, ಬಾವು, ಒಂದೊಂದಕ್ಕೂ ಸೊನ್ನೆಯಿಂದ ಮೂರರ ತನಕ ಅಂಕ. ನೆನಪಿನಿಂದ ಬರೆಯಬಾರದು, ಅಂದಂದೇ ಬರೆಯಬೇಕು. ವೈನಿ ಒಂದು ದಿನವೂ ಬಿಡಲಿಲ್ಲ. ಅಂಕಗಳ ಪಕ್ಕದಲ್ಲಿ ತನ್ನದೂ ಸೇರಿಸಿದ್ದಳು: ‘ಇವತ್ತು ಕಾಗೆಯ ಮೇಲೂ ಸಿಟ್ಟು ಬಂತು.’ ‘ಇವತ್ತು ಬಳೆ ತಿರುಗಿದವು.’ ಎರಡು ತಿಂಗಳಾದ ಮೇಲೆ ಡಾಕ್ಟರು ಆ ಪುಟಗಳನ್ನು ಪಕ್ಕಪಕ್ಕ ಇಟ್ಟು ಮುಟ್ಟಿನ ದಿನಗಳ ಹತ್ತಿರ ಗೆರೆ ಎಳೆದರು. ಎರಡೂ ತಿಂಗಳು ಗೆರೆಯ ಮುಂಚೆ ಮೂರುಗಳ ಸಾಲು, ಗೆರೆ ದಾಟಿ ಎರಡು ದಿನಕ್ಕೆ ಸೊನ್ನೆಗಳು.

“ಇದಕ್ಕ ಪಿ.ಎಂ.ಎಸ್. ಅಂತೀವ್ರಿ. ಮುಟ್ಟಿನ ಮುಂಚಿನ ತ್ರಾಸು. ಭಾಳ ಮಂದಿಗೆ ಸಣ್ಣಗ ಇರ್ತದ. ನಿಮ್ಮದು ಜೋರಿನ ತರದ್ದು,” ಎಂದರು. “ನಿಮ್ಮ ಹಾರ್ಮೋನು ಎಲ್ಲಾರಂಗ ಏರಿಳೀತಾವ. ಅದಕ್ಕ ನಿಮ್ಮ ಮೆದುಳು ಎಲ್ಲಾರಿಗಿಂತ ಜಾಸ್ತಿ ನೋಯತದ, ಅಷ್ಟ. ನಾಟಕಲ್ಲ, ಹುಚ್ಚಲ್ಲ, ಸ್ವಭಾವನೂ ಅಲ್ಲ.” ಹಬ್ಬದ ಗುಳಿಗೆಗಳು ಕೆಲವರ ಮನಸ್ಸನ್ನು ಇನ್ನೂ ಕೆಡಿಸುತ್ತವೆ, ಅವುಗಳನ್ನು ಇನ್ನು ಮುಟ್ಟಬೇಡಿ ಎಂದರು. ನಾನು ಮುಖ ಎತ್ತಲಿಲ್ಲ. ಮೋಮಿನಪುರದ ಮುದುಕರ ಮಾತು ಕೇಳಿದ್ದರೆ ಕೂಸಿನ ತುಟಿ ಒಡೆಯುತ್ತಿರಲಿಲ್ಲವೇನೋ.

ವೈನಿ ಕೇಳಿದ್ದು ಒಂದೇ ಪ್ರಶ್ನೆ. “ಹಂಗಾದ್ರ ನನ್ನ ಮಗಳನ್ನ ಹೊಡದಾಕಿ ನಾ ಅಲ್ಲೇನ್ರಿ?”

ಡಾಕ್ಟರು ಪೆನ್ನು ಕೆಳಗಿಟ್ಟು ಹೇಳಿದರು, “ಹೊಡದಾಕಿ ನೀವ. ಆದ್ರ ಅದಕ್ಕ ಔಷಧ ಅದ. ಇನ್ನ ಮುಂದ ಹೊಡೀದಂಗ ಇರೋದು ಆಗ್ತದ.” ವೈನಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಆ ಅಳು ಬಳೆ ಬಿಗಿಯಾದ ದಿನದ್ದಲ್ಲ, ಬಿಡುವಿನ ದಿನದ್ದು.

ದಿನಾ ನಡೆಯುವುದು, ಹೊತ್ತಿಗೆ ಸರಿಯಾಗಿ ಮಲಗುವುದು, ಚಹಾ ಕಡಿಮೆ, ತಿಂಗಳಿಗೊಮ್ಮೆ ಬಂದು ಒಬ್ಬ ಆಪ್ತಸಲಹೆಗಾರ್ತಿಯ ಜೊತೆ ಮಾತು, ಜೊತೆಗೆ ದಿನಕ್ಕೊಂದು ಗುಳಿಗೆ. ಒಮ್ಮೆಗೇ ಎಲ್ಲ ಹೋಗಲಿಲ್ಲ. ಮೊದಲ ತಿಂಗಳು ಹೊಟ್ಟೆ ತೊಳೆಸುತ್ತಿತ್ತು, ಡಾಕ್ಟರು ಪ್ರಮಾಣ ಬದಲಿಸಿದರು. ನಾಲ್ಕನೆಯ ತಿಂಗಳಿಗೆ ಮೂರುಗಳು ಒಂದಾಗಿದ್ದವು. “ಈಗೂ ಆ ದಿನ ಬರ್ತಾವ್ರಿ ಬಾಯೋರ. ಆದ್ರ ಬಾಗಲಾ ಬಡದು ಬರ್ತಾವ. ಮೊದಲ ಬಾಗಲಾ ಮುರಕೊಂಡು ಬರತಿದ್ವು,” ಎಂದಳು.

ಇನ್ನೇನು ಮನೆಗೆ ಕರೆತರುವುದೊಂದೇ ಬಾಕಿ. ಅಲ್ಲಿ ನನ್ನ ಜಾಣತನ ಅಡ್ಡ ಬಂತು.

ಡಾಕ್ಟರ ಚೀಟಿ, ಬರೆದ ಪುಟಗಳು ಎಲ್ಲ ಹಿಡಿದುಕೊಂಡು ಅವ್ವ ಅಣ್ಣನ ಮುಂದೆ ಕೂತು ಪಾಠ ಹೇಳಿದೆ. ಎಂಟನೆಯ ಇಯತ್ತೆಯ ಮಕ್ಕಳಿಗೆ ಹೇಳುವ ಹಾಗೆ, ಚಿತ್ರ ಸಹಿತ. ವೈನಿ ಬೇಕಂತ ಮಾಡಿದ್ದಲ್ಲ, ನಾವೇ ತಪ್ಪು ತಿಳಿದಿದ್ದೆವು ಎಂದೆ. ಅವ್ವನ ಮುಖ ಮೆತ್ತಗಾಗುತ್ತಿತ್ತು, ನಾನು ಕಂಡೆ. ಆಗ ಅಣ್ಣ ಗುಳಿಗೆಯ ಹೆಸರು ಕೇಳಿದ. ದೊಡ್ಡ ಶಾಣ್ಯಾಳಂತೆ ಹೇಳಿದೆ. ಅವನು ಮೊಬೈಲಿನಲ್ಲಿ ಹುಡುಕಿ ಓದಿದ. ಖಿನ್ನತೆಗೆ ಕೊಡುವ ಗುಳಿಗೆ ಎಂದಿತ್ತು ಅದರಲ್ಲಿ.

“ತಲಿ ಔಷಧ?” ಎಂದಳು ಅವ್ವ. “ಅಂದ್ರ ಹುಚ್ಚೇ ಅಲ್ಲೇನು?”

ಇದಕ್ಕೂ ಅದೇ ಗುಳಿಗೆ ಕೊಡುತ್ತಾರೆ, ಹುಚ್ಚಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಬಡಬಡಿಸಿದೆ. ಯಾರು ಕೇಳುತ್ತಾರೆ? ಇಷ್ಟು ದಿನ ನಾಟಕ ಎಂದವರಿಗೆ ಈಗ ಅದಕ್ಕಿಂತ ಗಟ್ಟಿ ಮಾತು ಸಿಕ್ಕಿತ್ತು, ಸಿಗಿಸಿದವಳು ನಾನೇ. “ನಮಗೇನು ಹಂಗ ಆಗತಿದ್ದಿಲ್ಲಾ?” ಎಂದಳು ಅವ್ವ ಇದ್ದಕ್ಕಿದ್ದಂತೆ. “ನನಗೂ ಭಾವಿ ಕಟ್ಟಿಗೆ ಹೋಗಿ ನಿಂದರಬೇಕು ಅನಸ್ತಿತ್ತು. ಯಾರ ಮುಂದ ಅಂದೆ? ನುಂಗಿದೆ. ಆಕೀಗೂ ಹೇಳು, ಗುಳಿಗಿ ಬಿಟ್ಟು ಬರೋದಿದ್ರ ಬರಲಿ.”

ಅಣ್ಣ ಅಂದ, “ಅವ್ವ ಹೂಂ ಅಂದ್ರ ನಂದೇನಿಲ್ಲ.” ನನ್ನ ಅಣ್ಣ, ಒಡಹುಟ್ಟಿದವನು. ಆ ಮಾತಿಗೆ ನಾನು ಅವನನ್ನು ಇವತ್ತಿಗೂ ಕ್ಷಮಿಸಿಲ್ಲ.

ಕಮಲಾಪುರಕ್ಕೆ ಹೋಗಿ ಹೇಳಿದೆ. ವೈನಿ ಹಿತ್ತಲ ಬಾಳೆಗಿಡಗಳಿಗೆ ನೀರು ಹಾಕುತ್ತಲೇ ಕೇಳಿಸಿಕೊಂಡಳು. ಗುಳಿಗೆ ಬಿಟ್ಟೆನೆಂದು ಸುಳ್ಳು ಹೇಳಿ ಬಾ, ಮುಚ್ಚಿಟ್ಟು ತಗೋ, ನಾನು ತಂದುಕೊಡುತ್ತೇನೆ ಎಂದು ನಾನೇ ಅಂಗಲಾಚಿದೆ.

“ಬ್ಯಾಡ್ರಿ ಬಾಯೋರ,” ಅಂದಳು. “ಗುಳಿಗಿ ಬಿಟ್ಟು ಬಂದ್ರ ಬರಾಕಿ ಆ ಹೊಡ್ಯಾಕಿ. ಮುಚ್ಚಿಟ್ಟು ತಿಂದ್ರ ಒಂದಿಲ್ಲೊಂದು ದಿನ ಸಿಗತದ, ಆಗ ಕೂಸಿನ ಮುಂದನ ನನ್ನ ಹೊರಗ ಹಾಕ್ತಾರ. ನನ್ನ ಮಗಳಿಗೆ ನಾ ದೂರ ಇದ್ರೂ ಅಡ್ಡಿಲ್ಲ, ಶಾಣ್ಯಾ ಅಮ್ಮ ಇರಬೇಕು.” ಆಮೇಲೆ ನನ್ನ ಮುಖ ನೋಡಿ ಸೇರಿಸಿದಳು, “ಗುಳಿಗಿ ಹೆಸರು ಹೇಳಿದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ. ಖರೇ ಹೇಳೀರಿ.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಏಳು ವರ್ಷ ಹಾಗೇ ಕಳೆದವು. ವೈನಿ ಕಮಲಾಪುರದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದಳು. ತಿಂಗಳಿಗೊಮ್ಮೆ ಔಷಧಕ್ಕೆಂದು ಕಲಬುರಗಿಗೆ ಬಂದಾಗ ಊರ ಹೊರಗಿನ ಶರಣಸಿರಸಗಿಯಲ್ಲಿ ನನ್ನ ಗೆಳತಿಯ ಹೊಸ ಮನೆಯಲ್ಲಿ ಮಗಳನ್ನು ಭೇಟಿ ಮಾಡಿಸುತ್ತಿದ್ದೆ. ಅವ್ವನಿಗೆ ಗೊತ್ತಿತ್ತು, ಗೊತ್ತಿಲ್ಲದವಳಂತೆ ಇದ್ದಳು. ತಾಯಿ ಮಗಳಿಗೆ ತಲೆ ಬಾಚುತ್ತಿದ್ದಳು, ಊಟ ಮಾಡಿಸುತ್ತಿದ್ದಳು, ಆ ಅರ್ಧ ಸುದ್ದಿಗಳನ್ನು ಕಟ್ಟಿ ಹೇಳುತ್ತಿದ್ದಳು. ಬಸ್ಸಿನ ಹೊತ್ತಾದಾಗ ಹುಡುಗಿ ಸೆರಗು ಬಿಡುತ್ತಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸುವ ಕೆಲಸ ನನ್ನದು. ಏಳು ವರ್ಷದಲ್ಲಿ ಒಂದು ಸಲವೂ ಆಕೆ ಮಗಳ ಮೇಲೆ ದನಿ ಏರಿಸಿದ್ದನ್ನು ನಾನು ಕೇಳಲಿಲ್ಲ.

ಆಕೆ ಹೋದದ್ದು ಡೆಂಗಿ ಜ್ವರದಿಂದ. ಮಳೆಗಾಲದ ಕೊನೆ. ಮೂರು ದಿನ ಮಾಮೂಲಿ ಜ್ವರವೆಂದು ಮಲಗಿದವಳು, ಆಸ್ಪತ್ರೆಗೆ ತಂದ ಮೇಲೆ ಎರಡೇ ದಿನ. ಮಗಳಿಗಾಗ ಹದಿಮೂರು. ‘ಆ ಗುಳಿಗಿಂದನ ಹಿಂಗಾತು’ ಎಂದು ಯಾರೋ ಪಿಸುಗುಟ್ಟಿದರು. ನಾನು ಅಲ್ಲೇ ಎಲ್ಲರೆದುರು ಜಗಳ ತೆಗೆದೆ. ಹೆಣದ ಮುಂದೆ ಜಗಳ ಮಾಡಿದವಳು ಎಂಬ ಹೆಸರು ನನಗೆ ಇನ್ನೂ ಇದೆ, ಇರಲಿ. ಗಂಡ ಬದುಕಿರುವಾಗ ಹೋದ ಮುತ್ತೈದೆಯೆಂದು ಅವ್ವನೇ ಹಸಿರು ಸೀರೆ ಉಡಿಸಿದಳು, ಉಡಿ ತುಂಬಿದಳು. ಮುತ್ತೈದೆ ಸಾವು ಪುಣ್ಯದ ಸಾವು ಎಂದು ಬಂದವರೆಲ್ಲ ಅಂದರು.

ನಮ್ಮಲ್ಲಿ ಪಕ್ಷಮಾಸದ ನವಮಿಯಂದು, ಹೀಗೆ ಗಂಡನಿಗಿಂತ ಮುಂಚೆ ಹೋದ ಹೆಣ್ಣುಮಗಳ ಹೆಸರಿನಲ್ಲಿ ಒಬ್ಬ ಮುತ್ತೈದೆಯನ್ನು ಊಟಕ್ಕೆ ಕರೆಯುತ್ತಾರೆ. ಆಕೆಯೇ ಬಂದಳೆಂದು ತಿಳಿದು ಸೀರೆ ಕೊಟ್ಟು, ಅರಿಶಿನ ಕುಂಕುಮ ಕೊಟ್ಟು ಉಣಬಡಿಸುತ್ತಾರೆ. ವೈನಿಯ ಹೆಸರಿನಲ್ಲಿ ಇದು ಮೂರನೆಯ ವರ್ಷ. ಎದುರು ಮನೆಯ ಹೊಸ ಸೊಸೆಯನ್ನು ಕರೆದಿದ್ದೆವು. ಆ ಹುಡುಗಿ ಸಂಕೋಚದಿಂದ ಹೊಸ್ತಿಲ ಆಚೆಯೇ ನಿಂತಳು. ಅವ್ವ ಅಡಿಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ವೈನಿಗೆ ಹೇಳುವಂತೆಯೇ, ಕಣ್ಣಲ್ಲಿ ನೀರು ತಂದುಕೊಂಡು ಅಂದಳು, “ಒಳಗ ಬಾರವಾ. ಹೊರಗ್ಯಾಕ ನಿಂತಿ? ನಿನ್ನ ಮನಿ ಅದ ಇದು, ಬಾ.”

ಎಲೆ ಹಾಕುತ್ತಿದ್ದ ವೈನಿಯ ಮಗಳು ಕೈ ನಿಲ್ಲಿಸಿದಳು. ಹದಿನಾರರ ಹುಡುಗಿ, ದನಿಯಲ್ಲಿ ಸಿಟ್ಟಿರಲಿಲ್ಲ. “ಅಜ್ಜಿ, ಇಷ್ಟ ಮಾತು ಅಮ್ಮ ಇದ್ದಾಗ ಅಂದಿದ್ರ ಏನಾಗತಿತ್ತು?”

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಣ್ಣ ದೇವರಮನೆಯಿಂದ ಹೊರಗೆ ಬರಲೇ ಇಲ್ಲ. ಬಂದವರು ಹಸಿದು ಕೂಡಬಾರದು. ಎಲೆಯ ತುದಿಗೆ ಉಪ್ಪು ಬಡಿಸಿದೆ.